ನಗುವ ಮುಖಕ್ಕೆ ತೆರೆಯದ ಗೇಟು

ನೆಲಮಂಗಲದ ಗೋಡೌನಿನಲ್ಲಿ ನನಗೆ ಪ್ಯಾಕಿಂಗ್ ಕೆಲಸ. ಗೇಟಿನ ಕ್ಯಾಮೆರಾ ಮುಖ ಗುರುತು ಹಿಡಿದರಷ್ಟೇ ಹಾಜರಿ. ಸೇರಿದ ದಿನ ಬಸ್ಸಿನಲ್ಲಿ ಜಗಳವಾಡಿ ಬಂದಿದ್ದೆ. ಆ ಗಂಟುಮುಖದ ಫೋಟೊನೇ ಮೆಷಿನ್ನಿಗೆ ಹೋಯ್ತು. ಆಮೇಲೆ ದಿನವೂ ಸಲೀಸಾಗಿ ಗುರುತು ಹಿಡಿಯುತ್ತಿತ್ತು ಅಂದರೆ ನನ್ನ ಮುಖ ಹೇಗಿರುತ್ತಿತ್ತೋ ನೀವೇ ಊಹಿಸಿ.

ಒಂದು ಬೆಳಿಗ್ಗೆ ಗೇಟು ತೆರೆಯಲೇ ಇಲ್ಲ. ಹಿಂದೆ ಸಾಲು ಬೆಳೆಯಿತು. ಹೊಸದಾಗಿ ಬಂದಿದ್ದ ಸೆಕ್ಯುರಿಟಿಯವನು ಪರದೆಯಲ್ಲಿದ್ದ ನನ್ನ ಹಳೇ ಫೋಟೊ ನೋಡಿದ, ನನ್ನನ್ನು ನೋಡಿದ.

"ನೀವು ನಗ್ತಿದ್ದೀರಕ್ಕಾ, ಅದಕ್ಕೇ. ಏನು, ಸಂಬಳ ಜಾಸ್ತಿ ಆಯ್ತಾ?"

"ಇಲ್ಲಪ್ಪ."

"ಮನೇಲಿ ಏನಾದ್ರೂ ವಿಶೇಷ?"

ಯೋಚಿಸಿದೆ. ಅದೇ ಲಾರಿಗಳ ಜಾಮು, ನಿಂತುಕೊಂಡೇ ಬಂದ ಅದೇ ಬಸ್ಸು. "ಏನೂ ಇಲ್ಲ. ಸುಮ್ನೆ ಖುಷಿಯಾಗಿದೀನಿ," ಅಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯ್ತು.

"ಒಂದ್ನಿಮಿಷ ಮುಖ ಗಂಟು ಹಾಕ್ಕೊಳ್ಳಿ, ಬಿಡುತ್ತೆ. ಲೇಟಾದ್ರೆ ಅರ್ಧ ದಿನ ಕಟ್."

"ತಾನಾಗೇ ಬಂದಿರೋ ಖುಷಿ ಕಣಪ್ಪ, ಮೆಷಿನ್ನಿಗೋಸ್ಕರ ಬಿಟ್ಕೊಡಲ್ಲ. ಹೊಸ ಫೋಟೊ ತೆಗಿ!"

ಹಿಂದಿದ್ದ ಹೆಂಗಸರೂ "ತೆಗಿಯಪ್ಪಾ" ಅಂತ ಕೂಗಿದರು. ತೆಗೆದ. ಗೇಟು ತೆರೆಯಿತು. ಚುನಾವಣೆ ಗೆದ್ದವಳ ಹಾಗೆ ಒಳಗೆ ನಡೆದೆ.

ಈಗ ಬೇರೆ ಪೇಚು. ಸಿಡುಕಿಕೊಂಡು ಬಂದ ದಿನ ಮೆಷಿನ್ನಿಗೆ ನಾನು ಯಾರೋ. ಹಲ್ಲು ಕಿಸಿದರೂ ಒಪ್ಪುವುದಿಲ್ಲ. ಗೇಟಿನಲ್ಲೇ ನಿಂತು, ಒಳಗೆಲ್ಲೋ ಇರುವ ನಗುವನ್ನು ಹುಡುಕಿ ತರಬೇಕು. ಇದುವರೆಗೆ ಒಂದು ದಿನವೂ ಹಾಜರಿ ತಪ್ಪಿಲ್ಲ.