ಬಾಟಲಿ ಅಕ್ಕನ ಚೀಟಿ ಡಬ್ಬಿ

ಬೆಳಗಿನ ಐದೂಕಾಲು. ನೀರು ಸರಬರಾಜು ಕಚೇರಿಯ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೇಜಿನ ಮೇಲೆ ಹತ್ತು ಸಣ್ಣ ಗಾಜಿನ ಬಾಟಲಿಗಳು, ಹತ್ತಿ, ಸ್ಪಿರಿಟ್, ಬೆಂಕಿಪೊಟ್ಟಣ, ಪಕ್ಕದಲ್ಲೊಂದು ಬಣ್ಣ ಮಾಸಿದ ಬಿಸ್ಕತ್ತಿನ ಡಬ್ಬಿ. ನಲವತ್ನಾಲ್ಕು ವರ್ಷದ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು ಡಬ್ಬಿಯೊಳಗೆ ಕೈ ಹಾಕಿ, ಚೆನ್ನಾಗಿ ಕಲೆಸಿ, ಒಂದೊಂದೇ ಚೀಟಿ ತೆಗೆಯುತ್ತಾರೆ. ಇನ್ನೂರ ಹದಿಮೂರು. ನಲವತ್ತೆಂಟು. ಎಂಟುನೂರ ಎರಡು. ಏಳನೆಯ ಚೀಟಿ ಬಿಡಿಸಿದಾಗ ಮುಖದಲ್ಲಿ ನಗು.

"ಆರುನೂರ ಹದಿನೇಳು. ಆ ಮನೆ ಮತ್ತೆ ಬಂತು ನೋಡಿ," ಎನ್ನುತ್ತಾರೆ. ಯಾವ ಮನೆ ಎಂದು ಕೇಳಿದರೆ, ಬಂದು ನೀವೇ ನೋಡುವಿರಂತೆ ಎಂದು ಬಾಟಲಿಗಳನ್ನು ಚೀಲಕ್ಕೆ ಜೋಡಿಸಿಕೊಂಡು ಹೊರಟೇಬಿಡುತ್ತಾರೆ.

ಊರಿನವರ ಬಾಯಲ್ಲಿ ಇವರು ಬಾಟಲಿ ಅಕ್ಕ. ಹೆಸರು ಕೇಳಿ ತಪ್ಪು ತಿಳಿಯಬೇಡಿ, ಇವರ ಬಾಟಲಿಗೆ ಬೀಳುವುದು ಬರೀ ನಲ್ಲಿ ನೀರು. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಮನೆ. ನಲ್ಲಿಯ ಬಾಯಿ ಒರೆಸಿ, ಸ್ಪಿರಿಟ್ ಹಚ್ಚಿದ ಹತ್ತಿಗೆ ಬೆಂಕಿ ಕೊಟ್ಟು ಆ ಬಾಯಿಯನ್ನು ಸುಟ್ಟು ಶುದ್ಧಮಾಡಿ, ಎರಡು ನಿಮಿಷ ನೀರು ಹರಿಯಬಿಟ್ಟು, ಗೆರೆಯವರೆಗೆ ತುಂಬಿಸಿ ಮುಚ್ಚಳ ಬಿಗಿಯಬೇಕು. ಬಾಟಲಿಯ ತಳದಲ್ಲಿ ಔಷಧಿ ಇರುತ್ತದೆ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದಕ್ಕೆ ಎಲ್ಲಿಂದಲೋ ಕೊಳಕು ಸೇರಿದೆ ಎಂದು ಅರ್ಥ. ಹನ್ನೆರಡು ವರ್ಷದಿಂದ ಇದೇ ಕೆಲಸ. ನಾವು ಎದ್ದು ಲೋಟ ತುಂಬಿಸಿ ಗಟಗಟ ಕುಡಿಯುವ ಮೊದಲು ಇಂಥವರೊಬ್ಬರು ನಡೆದುಹೋಗಿರುತ್ತಾರೆ ಎನ್ನುವುದು ಈ ಲೇಖನ ಬರೆಯಹೊರಡುವವರೆಗೆ ನನಗೂ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಚೀಟಿ ಡಬ್ಬಿ ಬಂದದ್ದು ಮಾತ್ರ ಕಳೆದ ವರ್ಷ, ಅದೂ ಕಾಲೇಜಿನಿಂದ. ಕಾಲೇಜಿನ ನಲ್ಲಿಯೂ ಇವರ ಪಟ್ಟಿಯಲ್ಲಿತ್ತು. ಅಲ್ಲಿ ಬಾಟಲಿ ತುಂಬಿಸುತ್ತ ಸೂಚನಾ ಫಲಕ ಓದುವುದು ಅಭ್ಯಾಸ. ಕೆಲಸದಲ್ಲಿರುವವರಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠ, ವಾರಕ್ಕೆರಡು ಮಧ್ಯಾಹ್ನ, ಯಾರು ಬೇಕಾದರೂ ಸೇರಬಹುದು ಎಂದು ಒಂದು ದಿನ ಅಲ್ಲಿ ಬರೆದಿತ್ತು. ಒಂದು ವರ್ಷ ಕಾಲೇಜಿಗೆ ಹೋಗಿ ಬಿಟ್ಟಿದ್ದ ಬಾಟಲಿ ಅಕ್ಕನಿಗೆ ಆಸೆ ಚಿಗುರಿತು. ತಾವು ಬರೆದುಕೊಟ್ಟ ಅಂಕಿಗಳು ತಿಂಗಳ ವರದಿಯಲ್ಲಿ ಸರಾಸರಿ, ಶೇಕಡಾ ಎಂದೆಲ್ಲ ವೇಷ ಹಾಕಿಕೊಂಡು ಬರುತ್ತಿದ್ದವು. ಅವನ್ನು ಓದುವಷ್ಟಾದರೂ ಕಲಿಯೋಣ ಎಂದು ಸೇರಿಕೊಂಡರು.

ನನ್ನ ವಿಷಯ ಹೇಳುವುದಾದರೆ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ನನಗೆ ಕಬ್ಬಿಣದ ಕಡಲೆ. ಪಾಸಾದದ್ದು ಉತ್ತರಪತ್ರಿಕೆ ತಿದ್ದಿದವರ ದೊಡ್ಡ ಮನಸ್ಸಿನಿಂದ. ಬಾಟಲಿ ಅಕ್ಕನಿಗೂ ಮೊದಲ ಪರೀಕ್ಷೆಯಲ್ಲಿ ಐವತ್ತಕ್ಕೆ ಬಂದದ್ದು ಹನ್ನೊಂದು. ಮಾನಕ ವಿಚಲನೆ ಎಂಬ ಪಾಠದ ತಲೆಬುಡ ತಿಳಿಯದೆ ಮನೆಗೆ ಬಂದು ಪುಸ್ತಕ ಮಗುಚಿಟ್ಟರಂತೆ. ದರ್ಜಿ ಕೆಲಸ ಮಾಡುವ ಗಂಡ ಹೊಲಿಗೆ ಯಂತ್ರದ ಮುಂದೆ ಕೂತೇ ದಾರಿ ತೋರಿಸಿದರು.

"ಇದರಲ್ಲೇನಿದೆ? ಬಂದವರೆಲ್ಲರ ಅಳತೆ ಕೂಡಿಸಿ ಸರಾಸರಿ ತೆಗೆದು ಅಂಗಿ ಹೊಲಿದ್ರೆ ಅದು ಯಾರಿಗೂ ಆಗಲ್ಲ," ಎಂದರಂತೆ. "ಯಾರು ಎಷ್ಟು ದಪ್ಪ, ಎಷ್ಟು ಸಣ್ಣ ಅಂತಾನೂ ಗೊತ್ತಿರ್ಬೇಕು. ನಿಮ್ಮ ಮೇಡಂ ಹೇಳ್ತಿರೋದು ಅದನ್ನೇ ಇರ್ಬೇಕು."

ಅದನ್ನೇ ಹೇಳುತ್ತಿದ್ದರು. ಅಲ್ಲಿಂದ ಪಾಠ ತಲೆಗೆ ಹತ್ತಿತು.

ನಿಜವಾದ ಪರೀಕ್ಷೆ ಎದುರಾದದ್ದು ಮೂರನೆಯ ತಿಂಗಳಲ್ಲಿ. ಪ್ರತಿಯೊಬ್ಬರೂ ತಮ್ಮ ಕೆಲಸದ ಅಂಕಿ ಅಂಶ ತಂದು ತರಗತಿಗೆ ವಿವರಿಸಬೇಕಿತ್ತು. ಬಾಟಲಿ ಅಕ್ಕ ಹನ್ನೊಂದು ವರ್ಷದ ರಿಜಿಸ್ಟರುಗಳನ್ನು ಹೊತ್ತು ತಂದರು. ಮೂವತ್ತು ಸಾವಿರಕ್ಕೂ ಹೆಚ್ಚು ಬಾಟಲಿ, ಕಪ್ಪಾದದ್ದು ಬೆರಳೆಣಿಕೆಯಷ್ಟು. ತರಗತಿ ಚಪ್ಪಾಳೆ ತಟ್ಟಿತು. ಆಮೇಲೆ ಮೇಡಂ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಈ ಮನೆಗಳನ್ನು ಆರಿಸುವುದು ಹೇಗೆ?

"ನಾನು ಹೆಮ್ಮೆಯಿಂದಾನೇ ಹೇಳ್ದೆ. ಗೇಟು ತೆಗೆದಿರೋ ಮನೆ, ನಾಯಿ ಇಲ್ದಿರೋ ಮನೆ, ಅಕ್ಕಾ ಬನ್ನಿ ಅಂತ ಟೀ ಕೊಡೋ ಮನೆ ಅಂತ. ಹೇಳ್ತಾ ಹೇಳ್ತಾನೇ ನನಗೇ ಹೊಳೀತು, ಬೇರೆ ಮನೆಗಳ ನೀರು ನಾನು ನೋಡೇ ಇಲ್ಲ ಅಂತ. ಮೇಡಂ ಕುರ್ಚಿ ಎಳೆದು ಪಕ್ಕದಲ್ಲಿ ಕೂತ್ಕೊಂಡ್ರು."

ಇಬ್ಬರೂ ಸೇರಿ ಎಣಿಸಿದರು. ಬಾಟಲಿ ಅಕ್ಕನ ಪಾಲಿನ ಬೀದಿಗಳಲ್ಲಿರುವುದು ಒಂಬೈನೂರ ನಲವತ್ತು ನಲ್ಲಿ. ಹನ್ನೊಂದು ವರ್ಷ ಸುತ್ತಿದ್ದು ಎಂಬತ್ತಾರು ಮನೆ. ಉಳಿದ ಮನೆಗಳ ನೀರು ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಚೆನ್ನಾಗಿದೆ ಎಂದು ಮಾತ್ರ ವರದಿ ಹೇಳುತ್ತಿತ್ತು.

ಆ ವಾರವೇ ಗಂಡ ಅಂಗಡಿಯಲ್ಲಿ ಉಳಿದಿದ್ದ ಕಾಗದದ ಚೂರುಗಳನ್ನು ಒಂದೇ ಅಳತೆಯ ಚೀಟಿಗಳಾಗಿ ಕತ್ತರಿಸಿಕೊಟ್ಟರು. ಒಂದರಿಂದ ಒಂಬೈನೂರ ನಲವತ್ತರವರೆಗೆ ಬರೆದು ಡಬ್ಬಿಗೆ ತುಂಬಿಸಿದ್ದಾಯಿತು. ನಿಯಮ ಒಂದೇ, ಬಂದ ಚೀಟಿ ಬದಲಾಯಿಸುವಂತಿಲ್ಲ. ಒಂಬತ್ತನೆಯ ದಿನ ಆರುನೂರ ಹದಿನೇಳು ಬಂತು. ಉದ್ದನೆಯ ಓಣಿಯ ಕಟ್ಟಕಡೆಯ ಮನೆ. ಗೇಟಿನ ಒಳಗೆ ದೊಡ್ಡ ನಾಯಿ. ಅರ್ಧ ಗಂಟೆ ಕಾದು, ಮನೆಯಾಕೆ ಬಂದ ಮೇಲೆ ಬಾಟಲಿ ತುಂಬಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಸಾಲಾಗಿಟ್ಟಿದ್ದ ಹತ್ತರಲ್ಲಿ ಒಂದು ಬಾಟಲಿ ಕಾಡಿಗೆಯಷ್ಟು ಕಪ್ಪಾಗಿತ್ತು.

ಆ ಮನೆಯಲ್ಲಿ ಆರು ವರ್ಷದ ಹುಡುಗಿಯಿದ್ದಾಳೆ. ಎರಡು ವರ್ಷದಿಂದ ಅವಳಿಗೆ ಮೇಲಿಂದ ಮೇಲೆ ಹೊಟ್ಟೆ ಕೆಡುತ್ತಿತ್ತು, ಒಮ್ಮೆ ಆಸ್ಪತ್ರೆಗೂ ಸೇರಿಸಿದ್ದರು. ತಾಯಿ ಮೂರು ಸಲ ದೂರು ಕೊಟ್ಟಿದ್ದಳು. ನಿಮ್ಮ ಭಾಗದ ನೀರು ಪರೀಕ್ಷೆಯಲ್ಲಿ ಶುದ್ಧವೆಂದು ಕಂಡುಬಂದಿದೆ ಎಂದು ಮೂರು ಸಲವೂ ಒಂದೇ ಉತ್ತರ ಬಂದಿತ್ತು. ಬಾಟಲಿ ಅಕ್ಕ ಆ ಕಾಗದಗಳನ್ನು ಅವಳ ಮನೆಯಲ್ಲೇ ನಿಂತು ಓದಿದರು.

"ಆ ಉತ್ತರ ಕೊಟ್ಟಿದ್ದು ನನ್ನ ಬಾಟಲಿಗಳೇ ಅಲ್ವಾ? ನಾನು ಅದನ್ನ ಆಯಮ್ಮಂಗೆ ಮುಖ ನೋಡ್ಕೊಂಡೇ ಹೇಳ್ದೆ. ಬೈದುಬಿಡಮ್ಮಾ ಅಂದೆ. ಬೈಲಿಲ್ಲ. ಈಗಾದ್ರೂ ಬಂದ್ರಲ್ಲ ಅಂದ್ಲು." ಇಷ್ಟು ಹೇಳಿ ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳುತ್ತಾರೆ.

ಹನ್ನೊಂದು ವರ್ಷದ ರಿಜಿಸ್ಟರು ಅರ್ಧ ಸತ್ಯವಷ್ಟೇ, ತಪ್ಪು ನನ್ನದು ಎಂದು ಅವರು ಕಚೇರಿಗೆ ಕೈಯಾರೆ ಪತ್ರ ಬರೆದರು. ಸುಮ್ಮನೆ ಯಾಕೆ ಕಾಲ ಮೇಲೆ ಕಲ್ಲು ಎಳೆದುಕೊಳ್ಳುತ್ತೀರಿ, ಕೆಲಸಕ್ಕೇ ಕುತ್ತು ಬಂದೀತು ಎಂದು ಎಂಜಿನಿಯರ್ ಎಚ್ಚರಿಸಿದರು. ಬಾಟಲಿ ಅಕ್ಕ ಪತ್ರ ವಾಪಸ್ ಪಡೆಯಲಿಲ್ಲ. ಕಪ್ಪು ಬಾಟಲಿಯನ್ನೂ ಎಂಜಿನಿಯರರ ಮೇಜಿನ ಮೇಲೇ ಇಟ್ಟು ಬಂದರು. ಓಣಿ ಅಗೆದಾಗ ಚರಂಡಿಗೆ ಒತ್ತಿಕೊಂಡ ಪೈಪು ಬಿರುಕು ಬಿಟ್ಟಿದ್ದು ಸಿಕ್ಕಿತು. ಹನ್ನೊಂದು ಮನೆಗಳಿಗೆ ಅದೇ ನೀರು ಹೋಗುತ್ತಿತ್ತು. ನಾಲ್ಕು ದಿನದಲ್ಲಿ ಹೊಸ ಪೈಪು ಬಿತ್ತು. ಕೆಲಸವೇನೂ ಹೋಗಲಿಲ್ಲ, ಶಹಬ್ಬಾಸ್ ಎಂದವರೂ ಇಲ್ಲ.

ಕೊನೆಯ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ತರಗತಿಯ ಸರಾಸರಿಗಿಂತ ಎರಡು ಅಂಕ ಕಡಿಮೆ. ಅಂಕಪಟ್ಟಿಯನ್ನು ಗಂಡ ಅಂಗಡಿಯಲ್ಲಿ ಕನ್ನಡಿಯ ಪಕ್ಕ ತೂಗುಹಾಕಿದ್ದಾರೆ, ಅಳತೆ ಕೊಡಲು ಬಂದವರೆಲ್ಲ ಅದನ್ನು ಓದಲೇಬೇಕು. ಮೇಡಂ ಆ ಒಂದು ಪ್ರಶ್ನೆ ಕೇಳದಿದ್ದರೆ ನಾನು ಇನ್ನೂ ಟೀ ಕುಡಿದುಕೊಂಡೇ ಇರುತ್ತಿದ್ದೆ ಎಂದು ಬಾಟಲಿ ಅಕ್ಕ ದಾರಿಯುದ್ದಕ್ಕೂ ನೆನೆಯುತ್ತಾರೆ. ಊರಿನ ಉಳಿದ ಎಂಟು ಭಾಗಗಳಿಗೂ ಇಂಥದ್ದೊಂದು ಡಬ್ಬಿ ಸಿಗಬೇಕು ಎನ್ನುವುದು ಅವರ ಆಸೆ. ಖಾಲಿ ಡಬ್ಬಿಗಳನ್ನು ಆಗಲೇ ತೊಳೆದಿಟ್ಟುಕೊಂಡಿದ್ದಾರೆ.

ಆರೂಮುಕ್ಕಾಲಿಗೆ ನಾವು ಓಣಿಯ ಕೊನೆ ತಲುಪುತ್ತೇವೆ. ಗೇಟು ತೆರೆದಿದೆ, ಕಂಬಕ್ಕೆ ಕಟ್ಟಿದ ನಾಯಿ ಬಾಲ ಅಲ್ಲಾಡಿಸುತ್ತಿದೆ. ಹುಡುಗಿ ಹೊಸಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಳೆ. ಈ ವರ್ಷ ಹೊಟ್ಟೆನೋವೆಂದು ಒಂದು ದಿನವೂ ಶಾಲೆ ತಪ್ಪಿಸಿಲ್ಲವಂತೆ. ಇವತ್ತು ಬಾಟಲಿ ಅಕ್ಕ ಬರುವುದು ಮೊದಲೇ ಗೊತ್ತಿತ್ತೇ ಎಂದು ತಾಯಿಯನ್ನು ಕೇಳುತ್ತೇನೆ.

"ಇಲ್ಲ. ಡಬ್ಬಿಯಿಂದ ನಮ್ಮ ನಂಬರ್ ಯಾವತ್ತು ಬರುತ್ತೋ ಯಾರಿಗೆ ಗೊತ್ತಿರುತ್ತೆ? ಅದಕ್ಕೇ ದಿನಾ ಬೆಳಿಗ್ಗೆ ಎದ್ದ ತಕ್ಷಣ ನಾಯಿ ಕಟ್ಟಿಬಿಡ್ತೀನಿ."

ಬಾಟಲಿ ಅಕ್ಕ ನಲ್ಲಿ ತಿರುಗಿಸಿ, ಗೆರೆಯವರೆಗೆ ತುಂಬಿಸಿ, ಮುಚ್ಚಳ ಬಿಗಿದು ನನ್ನ ಕಡೆ ತಿರುಗುತ್ತಾರೆ.

"ಕೇಳಿದ್ರಾ? ನನಗೆ ಇದು ಅರ್ಥ ಆಗೋಕೆ ಹನ್ನೊಂದು ವರ್ಷ ಹಿಡೀತು, ಕಾಲೇಜಿಗೂ ಹೋಗ್ಬೇಕಾಯ್ತು."