ಒಂದೇ ಸಾಲು ಓದುವ ಎಡಿಟರ್

ಊರಿಗೆ ನೀರು ಬಿಡುವ ಕಚೇರಿಯ ಎರಡನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಯಾವ ಪಂಪು ಎಷ್ಟು ಹೊತ್ತಿಗೆ ಶುರುವಾಗಬೇಕು, ಯಾವ ಟ್ಯಾಂಕು ತುಂಬಿದರೆ ನಿಲ್ಲಬೇಕು ಎಂದು ಹೇಳುವ ಪ್ರೋಗ್ರಾಂ ಬರೆದವಳು ಅವಳು. ಹತ್ತೊಂಬತ್ತು ವರ್ಷಗಳಿಂದ ಅದನ್ನು ತಿದ್ದುತ್ತ, ತೇಪೆ ಹಾಕುತ್ತ ಬಂದಿದ್ದಳು. ಬೇರೆಯವರು ಬೆಳಗಿನಿಂದ ತಲೆ ಕೆರೆದುಕೊಂಡು ಕೂತಿದ್ದರೆ, ಇವಳು ಟೀ ಲೋಟ ಹಿಡಿದು ಅವರ ಹಿಂದಿನಿಂದ ಹಾದುಹೋಗುತ್ತಲೇ ನಲವತ್ತನೇ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಹೇಳಿ ಮುಂದಕ್ಕೆ ನಡೆಯುತ್ತಿದ್ದಳು.

ನಲವತ್ತೇಳು ತುಂಬಿದ ವರ್ಷ ಅವಳ ಭುಜ ಬಾಗಿಲ ಚೌಕಟ್ಟುಗಳಿಗೆ ಬಡಿಯತೊಡಗಿತು. ಮೇಜಿನ ಅಂಚಿನ ಲೋಟಗಳು ಉರುಳತೊಡಗಿದವು. ಗಂಡ ಬಸ್ ಕಂಡಕ್ಟರ್. ಎಲ್ಲಿ ನೋಡ್ತಾ ನಡೀತೀಯ ಎಂದು ಮೊದಮೊದಲು ತಮಾಷೆ ಮಾಡಿದ. ಒಂದು ದಿನ ಪಕ್ಕದಿಂದ ಬಂದ ಸೈಕಲ್ಲು ಅವಳಿಗೆ ಕಾಣಲಿಲ್ಲ. ಮರುದಿನ ಅವನು ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ದೃಷ್ಟಿ ಅಂಚಿನಿಂದ ಒಳಗೆ ಸವೆಯುತ್ತಾ ಬಂದಿದೆಯಮ್ಮ. ಹೋಗಿದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಎಷ್ಟು ದಿನ ಕಾಪಾಡ್ಕೋಬಹುದು ಅಂತ ನೋಡೋಣ.”

ಮನೆಗೆ ಬರುವ ದಾರಿಯಲ್ಲಿ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ವಿಚಾರ: ಇನ್ನು ಯಾವ ಎಡಿಟರ್‌ನಲ್ಲಿ ಕೋಡ್ ಬರೆಯುವುದು, ತಿದ್ದುವುದು?

ಕಚೇರಿಯಲ್ಲಿ ಎಲ್ಲರೂ ಬಳಸುತ್ತಿದ್ದ ಎಡಿಟರ್‌ನಲ್ಲಿ ಎಡಕ್ಕೆ ಫೈಲುಗಳ ಪಟ್ಟಿ, ಕೆಳಗೆ ತಪ್ಪುಗಳ ಪಟ್ಟಿ, ಬಲಕ್ಕೆ ಸೂಚನೆಗಳು, ನಡುವೆ ಕೋಡ್. ಅವಳಿಗೀಗ ಕಾಣುತ್ತಿದ್ದದ್ದು ಅಂಗೈಯಗಲದ ಪರದೆ ಮಾತ್ರ. ತಪ್ಪಿನ ಪಟ್ಟಿ ನೋಡಿ ಕೋಡಿಗೆ ಮರಳುವಷ್ಟರಲ್ಲಿ ತಾನೆಲ್ಲಿದ್ದೆ ಎಂಬುದೇ ತಪ್ಪಿಹೋಗುತ್ತಿತ್ತು. ಅದನ್ನು ಬಿಟ್ಟು, ಪಟ್ಟಿಗಳೇ ಇಲ್ಲದ ಎಡಿಟರ್ ಒಂದನ್ನು ಹುಡುಕಿಕೊಂಡಳು. ಅದರ ಕೀಬೋರ್ಡ್ ಕೀಲಿಗಳು ಬೆರಳಿಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಹತ್ತಿತು ಎನ್ನುವಾಗ ಅಂಗೈ ಹೋಗಿ ನಾಣ್ಯದಗಲ ಉಳಿದಿತ್ತು. ಅಕ್ಷರಗಳನ್ನು ದಪ್ಪ ಮಾಡಿದಳು. ಸಾಲಿನಲ್ಲಿ ಮೂರು ಪದ ಹಿಡಿಸಿದರೆ ಹೆಚ್ಚು. ಮತ್ತೊಂದು ಎಡಿಟರ್. ಮತ್ತೆ ಹೊಸ ಕೀಲಿಗಳು. ಅವಳು ಕಲಿಯುವುದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಕಣ್ಣು ಹೋಗುತ್ತಿತ್ತು.

ಆ ನಾಣ್ಯದಗಲವೂ ಮಸುಕಾದ ಮೇಲೆ, ಭಾನುವಾರ ಮಧ್ಯಾಹ್ನ ಗಂಡ ಪಕ್ಕದಲ್ಲಿ ಕೂತು ಕೋಡ್ ಓದಿ ಹೇಳುತ್ತಿದ್ದ. ಪ್ರೋಗ್ರಾಮಿನ ಗಂಧಗಾಳಿ ಇಲ್ಲದವನು. ಆವರಣ ಚಿಹ್ನೆ ಮುಗಿದಾಗಲೆಲ್ಲ ಬಸ್ಸಿನ ದನಿಯಲ್ಲಿ, “ಆವರಣ, ಆವರಣ, ಇಳಿಯೋರು ಇಳ್ಕೊಳಿ” ಎನ್ನುತ್ತಿದ್ದ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗೆ ಅವನು ಬಸ್ಸಿನಲ್ಲಿರುತ್ತಿದ್ದ.

ಪರದೆಯ ಮೇಲಿದ್ದುದನ್ನು ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡಳು. ಕಚೇರಿಯ ಎಡಿಟರ್‌ನಲ್ಲಿ ಅದರ ಬಾಯಿಂದ ಬಂದದ್ದು, “ಬಟನ್, ಬಟನ್, ಹೆಸರಿಲ್ಲದ ಬಟನ್” ಎಂಬುದಷ್ಟೇ. ಒಂದಾದ ಮೇಲೊಂದರಂತೆ ಒಂಬತ್ತು ಎಡಿಟರ್‌ಗಳನ್ನು ಹಾಕಿ ತೆಗೆದಳು. ಕೆಲವು ಕೋಡ್ ಓದುತ್ತಿದ್ದವು, ತಪ್ಪು ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ಕೆಲವು ಮೂಗರಂತೆ ಕೂತಿರುತ್ತಿದ್ದವು. ಕೊನೆಗೆ ಸಿಕ್ಕಿದ್ದು ಯಾರೂ ಮೂಸಿ ನೋಡದ ಒಂದು ಹಳೆಯ ಎಡಿಟರ್. ಬಣ್ಣವಿಲ್ಲ, ಪಟ್ಟಿಯಿಲ್ಲ, ಕೇಳಿದರೆ ಕೇಳಿದ ಒಂದು ಸಾಲನ್ನು ಕೊಡುತ್ತದೆ, ಅಷ್ಟೇ. ಆ ಒಂದು ಸಾಲನ್ನು ತಂತ್ರಾಂಶ ಚಾಚೂ ತಪ್ಪದೆ ಓದುತ್ತಿತ್ತು.

ಅದರಲ್ಲಿ ಅವಳು ಹನ್ನೊಂದು ತಿಂಗಳು ಕೆಲಸ ಮಾಡಿದಳು. ಹಿಂದಿನ ಕಾಲುಭಾಗ ವೇಗವೂ ಇರಲಿಲ್ಲ, ಆದರೂ ಮಾಡಿದಳು. ಇಡೀ ಪ್ರೋಗ್ರಾಮನ್ನು ತಲೆಯಲ್ಲಿ ಹರಡಿಕೊಂಡು, ಒಂದೊಂದೇ ಸಾಲು ತರಿಸಿಕೊಂಡು ಕೇಳುವುದು. ಸಂಜೆಯ ಹೊತ್ತಿಗೆ ಕಿವಿ ಜುಮ್ಮೆನ್ನುತ್ತಿತ್ತು. ಒಮ್ಮೆ ಮೂವರು ಹುಡುಕಿ ಸೋತ ತಪ್ಪನ್ನು ಕೇಳಿಯೇ ಹಿಡಿದಳು. ಅವತ್ತು ಮನೆಗೆ ಹೋಗಿ ಗಂಡನಿಗೆ ಹೇಳುವಾಗ ಅವಳ ದನಿ ಹಳೆಯದೇ ಆಗಿತ್ತು.

ಹನ್ನೆರಡನೇ ತಿಂಗಳು ವಿಭಾಗದ ಮುಖ್ಯಸ್ಥೆ ಅವಳನ್ನು ಕೋಣೆಗೆ ಕರೆಸಿಕೊಂಡರು. ಇನ್ನು ಮುಂದೆ ಯಾರ ಕಂಪ್ಯೂಟರಿನಲ್ಲೂ ಕೋಡ್ ಇರುವುದಿಲ್ಲ, ಬ್ರೌಸರಿನೊಳಗಿನ ಒಂದೇ ಎಡಿಟರ್‌ನಲ್ಲಿ ಎಲ್ಲರೂ ಕೆಲಸ ಮಾಡಬೇಕು, ಸುರಕ್ಷತೆಯ ನಿಯಮ ಎಂದರು. ಆ ಎಡಿಟರನ್ನು ಅವಳು ಆಗಲೇ ನೋಡಿದ್ದಳು. ಹಾಕಿ ತೆಗೆದ ಒಂಬತ್ತರಲ್ಲಿ ಅದೂ ಒಂದು.

“ಅದು ನನ್ನ ಹತ್ರ ಮಾತಾಡಲ್ಲ ಮೇಡಂ,” ಎಂದಳು.

“ಗೊತ್ತಮ್ಮ. ಮೇಲಿನವರಿಗೆ ಮೂರು ಸಲ ಬರ್ದೆ. ಒಬ್ಬರಿಗೋಸ್ಕರ ಬದಲಾಯಿಸೋಕಾಗಲ್ಲ ಅಂದ್ರು.”

ಮುಖ್ಯಸ್ಥೆ ಕೆಟ್ಟವರಲ್ಲ. ಅದೇ ಅವಳನ್ನು ಹೆಚ್ಚು ಕುಗ್ಗಿಸಿತು. ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ. ತಾನೂ ಒಂದು ಅರ್ಜಿ ಬರೆದುಕೊಟ್ಟಳು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಎರಡು ಸಲ ಬಂತು, ಆಮೇಲೆ ಅದೂ ನಿಂತಿತು.

ನೆಲಮಹಡಿಯಲ್ಲಿ ದೂರು ಕೇಳುವ ಫೋನಿನ ಜಾಗ ಕೊಟ್ಟರು. ಗಂಡ ರಾಜೀನಾಮೆ ಕೊಟ್ಟುಬಿಡು ಎಂದ.

“ಮನೇಲಿ ಕೂತು ಏನ್ ಮಾಡ್ಲಿ ಹೇಳಿ?” ಎಂದು ಕೇಳಿದಳು. ಮರುದಿನದಿಂದ ಆ ಫೋನಿನ ಮುಂದೆ ಕೂತಳು.

ಎಂಟು ತಿಂಗಳ ನಂತರ ಬೆಟ್ಟದ ಬೀದಿಯವರ ಫೋನು ಮೇಲಿಂದ ಮೇಲೆ ಬರತೊಡಗಿತು: ಟ್ಯಾಂಕು ತುಂಬಿದೆ, ನಲ್ಲಿಯಲ್ಲಿ ನೀರಿಲ್ಲ. ನಾಲ್ಕನೆಯ ಕರೆ ಮುಗಿಯುವ ಮೊದಲೇ ಅವಳಿಗೆ ಕಾರಣ ಹೊಳೆಯಿತು. ಟ್ಯಾಂಕಿಗೆ ನೀರೇರಿಸುವ ಪಂಪು, ಅಲ್ಲಿಂದ ಬೀದಿಗೆ ದೂಡುವ ಪಂಪು, ಈ ಎರಡರ ಸರದಿ ಅದಲುಬದಲಾದರೆ ಹೀಗೇ ಆಗುತ್ತದೆ; ಅದನ್ನು ತಡೆಯಲೆಂದೇ ಏಳು ವರ್ಷದ ಹಿಂದೆ ಆರು ಸಾಲು ಕೋಡ್ ಬರೆದಿದ್ದಳು. ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿದಳು. ತನ್ನ ಹಳೆಯ ಮೇಜಿನ ಮುಂದೆ ಕೂತಿದ್ದ ಹೊಸ ಪ್ರೋಗ್ರಾಮರ್ ಹುಡುಗನಿಗೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಎಲ್ಲ ಬಾಯಿಪಾಠದಂತೆ ಒಪ್ಪಿಸಿದಳು.

ಅವನು ಕೀಬೋರ್ಡ್ ಒತ್ತಿದ ಸದ್ದು ಕೇಳಿಸಿತು.

“ಆ ಫೈಲು ಈಗಿಲ್ಲ ಮೇಡಂ. ಹಳೇದೆಲ್ಲ ತೆಗೆದು ಹೊಸದಾಗಿ ಬರೆದಿದ್ದಾರೆ. ನಾನು ಬರೋ ಮುಂಚೇನೇ.”

ಹೊಸದರಲ್ಲಿ ಅದು ಎಲ್ಲಿ ಬರುತ್ತದೆ ಎಂದು ಕೇಳಿದಳು. ತನಗೂ ಇನ್ನೂ ಪೂರ್ತಿ ಗೊತ್ತಿಲ್ಲ, ನೋಡುತ್ತೇನೆ ಎಂದ. ಕೈ ಹಿಡಿದು ಕೆಳಗೆ ಬಿಡಲೇ ಎಂದು ಮರ್ಯಾದೆಯಿಂದಲೇ ಕೇಳಿದ. ಅವಳು ಬೇಡವೆಂದು ಇಳಿದು ಬಂದಳು. ಫೋನು ಹೊಡೆದುಕೊಳ್ಳುತ್ತಿತ್ತು. ಬೆಟ್ಟದ ಬೀದಿಯ ಹೆಂಗಸೊಬ್ಬಳು ನೀರು ಯಾವಾಗ ಬರುತ್ತದೆ ಎಂದು ಕೇಳಿದಳು. ಇವಳು, ಮೇಲಿನವರಿಗೆ ತಿಳಿಸಿದ್ದೇನೆ ಎಂದು ಹೇಳಿ, ಅವಳ ಮನೆಯ ನಂಬರ್ ಕೇಳಿಕೊಂಡಳು.