ಯಾರೂ ಓದದ ಪುಟವನ್ನು ಓದಿಸಿದವರು

ಪಂಚನಹಳ್ಳಿಯ ಅಜ್ಜಿಯೊಬ್ಬರಿಗೆ ಆನ್‌ಲೈನ್ ನೋಂದಣಿ ಕಲಿಸಿದ್ದು ತಾವೇ ಎಂದು ನಮ್ಮ ತೆಂಗು ಬೆಳೆಗಾರರ ಕೂಟದವರು ಈಗಲೂ ಸಭೆಗಳಲ್ಲಿ ಹೇಳಿಕೊಳ್ಳುತ್ತಾರೆ. ಈ ವಾದದಲ್ಲಿ ಹುರುಳಿಲ್ಲ. ಆ ನೋಂದಣಿ ಪುಟ ಮಾಡಿದವಳು ನಾನು, ಆ ದಿನ ಅಜ್ಜಿಯ ಪಕ್ಕ ಕೂತಿದ್ದವಳೂ ನಾನೇ.

ತರೀಕೆರೆಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆ ಬಿಟ್ಟವಳಲ್ಲ. ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದು ರೂಢಿಯಾಗಿತ್ತು, ನನ್ನದೇ ಕೆಲಸದಲ್ಲಿ ಹುಡುಕುವ ರೂಢಿಯಿರಲಿಲ್ಲ. ಕೂಟದ ಕಡೂರಿನ ಕಚೇರಿಗೆ ಕೆಲಸಕ್ಕೆ ಸೇರಿದಾಗ ಸಂಚಾಲಕರು ಹೇಳಿದ್ದು ಒಂದೇ ಮಾತು: ಕಂಪ್ಯೂಟರ್ ಮುಟ್ಟದವರೂ ಎರಡು ನಿಮಿಷದಲ್ಲಿ ಸದಸ್ಯರಾಗಬೇಕು. ಪಾಸ್‌ವರ್ಡ್ ತೆಗೆದೆ, ಇಮೇಲ್ ತೆಗೆದೆ. ಹೆಸರು, ಊರು, ಮೊಬೈಲ್ ನಂಬರ್ ಉಳಿಸಿದೆ. 'ಷರತ್ತುಗಳಿಗೆ ಒಪ್ಪಿದ್ದೇನೆ' ಎಂಬ ಚೌಕಕ್ಕೆ ಮೊದಲೇ ಟಿಕ್ ಹಾಕಿಟ್ಟು, ಅವರಿಗೊಂದು ಕೆಲಸ ಉಳಿಸಿದೆನೆಂದು ಹಿಗ್ಗಿದೆ.

ಅಜ್ಜಿ ಬಂದ ದಿನ ಸಂಜೆ ಐದಕ್ಕೆ ನೋಂದಣಿ ಮುಗಿಯುವುದಿತ್ತು. ಪಟ್ಟಿಯಲ್ಲಿದ್ದವರ ಕಾಯಿ ಕೂಟದ ಲಾರಿಗೆ, ಉಳಿದವರದು ಮುಂದಿನ ಕೊಯ್ಲಿನವರೆಗೂ ದಲ್ಲಾಳಿಗೆ. ನಾಲ್ಕಕ್ಕೆ ಬಸ್ಸಿಳಿದು ಬಂದ ಅಜ್ಜಿ ಹೆಸರು, ಊರು, ನಂಬರ್ ಬರೆಸಿ, ಫೋನಿಗೆ ಬಂದ ಓಟಿಪಿಯನ್ನೂ ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ಕೊನೆಯ ಬಟನ್ ಹತ್ತಿರ ಬಂದು ನಿಂತುಬಿಟ್ಟರು.

"ಈ ಚೌಕದೊಳ್ಗೆ ಗೀಟು ಹಾಕ್ದೋರ್ಯಾರವ್ವಾ?"

"ಅದು ಒಪ್ಪಿಗೆ ಅಜ್ಜಿ. ಸುಲಭ ಆಗ್ಲಿ ಅಂತ ನಾನೇ ಹಾಕಿದೀನಿ."

"ನನ್ನೊಪ್ಗೆ ನೀನ್ ಹಾಕ್ದ್ಯಾ? ಚೆನ್ನಾಗೈತೆ ಕಣೇ! ನನ್ ಮದ್ವೇಲೂ ಹಿಂಗೇ ಮಾಡಿದ್ರು."

ಹಿಂದೆ ನಿಂತಿದ್ದ ಅಜ್ಜಂಪುರದವರೊಬ್ಬರು ಗೊಳ್ಳೆಂದರು. "ಒತ್ತಜ್ಜೀ, ಬಸ್ಸು ಹೋಯ್ತದೆ."

"ನಿಂದು ನೀನ್ ಒತ್ಕೊಳ್ಳಲೇ. ಯಾರೂ ಓದಿ ಹೇಳ್ದೆ ನಾನು ಯಾವ ಪತ್ರಕ್ಕೂ ಹೆಬ್ಬೆಟ್ಟು ಒತ್ತಿದವ್ಳಲ್ಲ. ಓದವ್ವಾ ನೀನು."

'ಓದಿಸಿ ಕೇಳಿ ಸರಿಯೆಂದು ಒಪ್ಪಿ': ಜಮೀನಿನ ಪತ್ರಗಳ ಕೊನೆಯಲ್ಲಿ ಬರುವ ಈ ಸಾಲನ್ನು ನಾನು ಬರೀ ಶಾಸ್ತ್ರ ಎಂದುಕೊಂಡಿದ್ದೆ. ಅಜ್ಜಿ ಅದನ್ನು ಅಕ್ಷರಶಃ ನಡೆಸಿಕೊಂಡು ಬಂದವರು.

ಷರತ್ತುಗಳು ಇಂಗ್ಲಿಷಿನಲ್ಲಿ ನಾಲ್ಕು ಪುಟವಿದ್ದವು. ಸಂಚಾಲಕರು ಕೊಟ್ಟದ್ದನ್ನು ನಾನು ಓದದೆ ಅಂಟಿಸಿದ್ದೆ. ಈಗ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೇ ಪುಟದಲ್ಲಿ ಒಂದು ಸಾಲನ್ನು ಎರಡು ಸಲ ಓದಿಕೊಂಡೆ. ಸದಸ್ಯರ ಮೊಬೈಲ್ ನಂಬರನ್ನು ಕೂಟವು ಬೇರೆ ವ್ಯಾಪಾರಸ್ಥರಿಗೆ ಕೊಡಬಹುದಂತೆ.

"ಯಾವ ವ್ಯಾಪಾರಸ್ತರ್ಗೆ?"

"ಗೊತ್ತಿಲ್ಲ ಅಜ್ಜಿ."

"ಬೋರ್ ತೆಗೆಸ್ದಾಗ ಒಂದ್ ಕಡೆ ನಂಬರ್ ಕೊಟ್ಟೆ. ಪಂಪ್ ಬೇಕಾ, ಪೈಪ್ ಬೇಕಾ ಅಂತ ಇವತ್ಗೂ ಫೋನು ಬಡ್ಕೋತದೆ. ಮಗ್ಳು ಫೋನ್ ಮಾಡುದ್ರೂ ಎತ್ತಕ್ ಬೇಜಾರು. ಇದ್ಕೆ ನಾನು ಒಪ್ಪಕಿಲ್ಲ. ಕಾಯಿ ದಲ್ಲಾಳಿಗೇ ಹೋಗ್ಲಿ."

ಎಷ್ಟೋ ಸಲ ಪರೀಕ್ಷಿಸಿದ ಪುಟದಲ್ಲಿ ನಮಗ್ಯಾರಿಗೂ ಕಾಣದ ಬಿರುಕು! ಸೋತೆನೆಂಬ ನೆನಪೇ ಇಲ್ಲದಷ್ಟು ಖುಷಿಯಾಗಿ ಕೀಬೋರ್ಡ್ ಎಳೆದುಕೊಂಡೆ. ಗಂಟೆ ನಾಲ್ಕೂವರೆ. ಟಿಕ್ ತೆಗೆದೆ. ನಾಲ್ಕು ಪುಟವನ್ನು ಏಳು ಸಾಲಿನ ಕನ್ನಡಕ್ಕೆ ಇಳಿಸಿದೆ, ನಂಬರ್ ಹಂಚುವ ಸಾಲನ್ನು ಅಳಿಸಿದೆ. 'ಓದಿ ಹೇಳು' ಎಂಬ ಬಟನ್ ಮಾಡಿ, ಎಲ್ಲರ ಬಾಯಿ ಮುಚ್ಚಿಸಿ, ನನ್ನ ದನಿಯನ್ನೇ ಫೋನಿನಲ್ಲಿ ಹಿಡಿದು ಸೇರಿಸಿದೆ.

"ಜೋರಾಗ್ ಹೇಳೇ, ಕಿವಿ ಮಂದ ನಂಗೆ," ಎಂದರು ಅಜ್ಜಿ. ಮತ್ತೊಮ್ಮೆ ಹೇಳಿದೆ.

ಗಲಾಟೆ ಕೇಳಿ ಸಂಚಾಲಕರು ಒಳಗಿನಿಂದ ಬಂದು ಪರದೆಯ ಮೇಲಿನ ಏಳು ಸಾಲು ನೋಡಿದರು. "ಆ ನಂಬರಿನ ಸಾಲು ಯಾಕಮ್ಮಾ ತೆಗ್ದೆ?"

"ಯಾಕಿತ್ತು ಅಣ್ಣಾ?"

"ಇದ್ರೆ ಏನೀಗ? ಯಾರು ಓದ್ತಾರೆ ಅದನ್ನ?"

"ಇವ್ರು ಓದ್ಸಿದ್ರಲ್ಲ!"

ಅಷ್ಟರಲ್ಲಿ ಅಜ್ಜಿ ಏಳೂ ಸಾಲು ಕೇಳಿಸಿಕೊಂಡು, ಚೌಕದಲ್ಲಿ ತಾವೇ ಟಿಕ್ ಹಾಕಿ, ಬಟನ್ ಒತ್ತಿದ್ದರು. ಐದಕ್ಕೆ ಹತ್ತು ನಿಮಿಷವಿರುವಾಗ ಅವರ ಫೋನು ಗುಂಯ್ ಎಂದಿತು: ನೀವು ಸದಸ್ಯರಾಗಿದ್ದೀರಿ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾನಂತೂ ಎದ್ದು ನಿಂತೇ ತಟ್ಟಿದೆ. ಅಜ್ಜಿ ನಗಲಿಲ್ಲ. ಫೋನನ್ನು ಚೀಲಕ್ಕೆ ಹಾಕಿಕೊಂಡು ಸಂಚಾಲಕರ ಕಡೆ ತಿರುಗಿದರು.

"ಅಲ್ಲ ಕಣಪ್ಪಾ, ನಮ್ ನಂಬರೆಲ್ಲ ಕೊಡ್ತೀನಿ ಅಂತ ನೀನು ಯಾರ್ಗೆ ಮಾತ್ ಕೊಟ್ಟಿದ್ದೆ?"